ಕರಿ ಮರಳಿಗೊಂದು ಅಪಾಯಿಂಟ್‌ಮೆಂಟ್

ಗೇಟ್ ಕಾಯೋರ ಜೊತೆ ನಾನು ಜಗಳ ಆಡಿದ್ದು ಜೀವನದಲ್ಲಿ ಒಂದೇ ಸಲ. ಅದೂ ಹವಾಯಿಯಲ್ಲಿ, ಜಿಟಿಜಿಟಿ ಮಳೆಯಲ್ಲಿ, ಕಾರಿನ ಕಿಟಕಿ ಇಳಿಸಿಕೊಂಡು.

2022ರ ಡಿಸೆಂಬರ್. ಮೌಯಿ ದ್ವೀಪದ ಪೂರ್ವ ತುದಿಯಲ್ಲಿ ಹಾನಾ ಅಂತ ಒಂದು ಪುಟ್ಟ ಊರು. ಅದರ ಪಕ್ಕದಲ್ಲೇ ವೈಯಾನಪನಪ ಸ್ಟೇಟ್ ಪಾರ್ಕ್. ಜ್ವಾಲಾಮುಖಿಯ ಕಲ್ಲು ಸವೆದು ಸವೆದು ಆದ ಕಪ್ಪು ಮರಳಿನ ಕಡಲತೀರ ಅಲ್ಲಿದೆ. ನಾನು, ನನ್ನ ಹೆಂಡತಿ ಮೂರೂವರೆ ಗಂಟೆ ತಿರುವುಗಳಲ್ಲಿ ಗಿರಗಿಟ್ಲೆ ಹೊಡೆದು ಗೇಟಿಗೆ ಹೋದರೆ, ಅಲ್ಲಿದ್ದ ಹೆಂಗಸು ನಗುತ್ತಲೇ "ರಿಸರ್ವೇಶನ್ ತೋರಿಸಿ" ಅಂದರು. ನಮ್ಮ ಹತ್ತಿರ ಇರಲಿಲ್ಲ. ಈಗಲೇ ಫೋನಿನಲ್ಲಿ ಮಾಡ್ತೀನಿ ಅಂದೆ. ಅವತ್ತಿನದು ಅವತ್ತು ಸಿಗಲ್ಲ ಅಂದರು. ಅಷ್ಟರಲ್ಲಿ ನಮ್ಮ ಹಿಂದಿದ್ದ ಹಳೇ ಪಿಕಪ್ ಗಾಡಿಗೆ ಕೈ ಬೀಸಿ ಒಳಗೆ ಬಿಟ್ಟರು. "ಅವರನ್ನ ಹೇಗೆ ಬಿಟ್ರಿ?" ಅಂತ ಕೇಳಿದೆ. "ಅವರ ಮನೆ ಇಲ್ಲೇ" ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎಷ್ಟು ದೂರದಿಂದ ಬಂದಿದ್ದೀವಿ, ವಿಮಾನಕ್ಕೆ ಎಷ್ಟು ಕೊಟ್ಟಿದ್ದೀವಿ, ಒಂದು ಬೋರ್ಡಾದರೂ ಹಾಕಬಾರದಾ ಅಂತೆಲ್ಲ ಕೂಗಾಡಿದೆ. ಬೋರ್ಡ್ ಇತ್ತು. ನಾನು ನೋಡಿರಲಿಲ್ಲ. ಹೆಂಡತಿ ಮೆಲ್ಲಗೆ "ಗಾಡಿ ತಿರುಗಿಸು" ಅಂದಳು. ತಿರುಗಿಸಿದೆ.

ಈ ಕಥೆಯನ್ನ ನಾನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಈ ವರ್ಷ ಅಪ್ಪ ಅವ್ವ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಹೆಂಡತಿ ಹೇಳಿಬಿಟ್ಟಳು.

ಅಪ್ಪ ನಗಲಿಲ್ಲ. ಅವರಿಗೆ ಜಗಳಕ್ಕಿಂತ ಮರಳಿನ ಮೇಲೆ ಕುತೂಹಲ. "ಕರಿ ಮಳಲು? ಎಷ್ಟ ಕರೀದು? ನಮ್ಮ ಎರಿ ಹಂಗ?" ಅಂದರು. ಫೋನಿನಲ್ಲಿ ಫೋಟೋ ತೋರಿಸಿದೆ. ಕಪ್ಪು ದಡ, ಬಿಳಿ ನೊರೆ, ಸುತ್ತ ಹಸಿರು. ಚಾಳೀಸು ಹಣೆಗೇರಿಸಿ, ಫೋನನ್ನ ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. "ಅಲ್ಲೇನು ಬೆಳಿತೈತಿ?" ಅಂತ ಕೇಳಿದರು. ವಿಜಯಪುರ ಜಿಲ್ಲೆಯ ಎರೆ ಹೊಲದಲ್ಲಿ ಐವತ್ತು ವರ್ಷ ಬಿಳಿಜೋಳ, ಕಡ್ಲಿ ಬೆಳೆದ ಮನುಷ್ಯ. ಎಂಥ ನೆಲ ಕಂಡರೂ ಅವರ ಮೊದಲ ಪ್ರಶ್ನೆ ಇದೇ.

ಹಾಗೆ ಶುರುವಾಯಿತು ಎರಡನೇ ಸಲದ ಪ್ಲ್ಯಾನ್.

ಈ ಸಲ ಎಡವೋ ಹಾಗಿರಲಿಲ್ಲ. ಅಪ್ಪ ವಿಮಾನ ಇಳಿದ ದಿನವೇ "ಇದ ಕಡೀ ಸಲ ತಮ್ಮಾ, ಇನ್ನ ಇಷ್ಟ ದೂರ ಕುಂತು ಬರಾಕ ಆಗಂಗಿಲ್ಲ" ಅಂದಿದ್ದರು. ಹಿಂಗಾರಿ ಬಿತ್ತನೆಗೆ ಊರಲ್ಲಿರಬೇಕು, ಆದ್ದರಿಂದ ಸೆಪ್ಟೆಂಬರ್ ಮಧ್ಯಕ್ಕೆ ವಾಪಸ್ ಟಿಕೆಟ್. ಅವರ ಬಲಗಾಲಿನ ಮೊಣಕಾಲು ಎರಡು ವರ್ಷದಿಂದ ಕೈ ಕೊಟ್ಟಿದೆ. ಅವ್ವನಿಗೆ ಬಿಪಿ ಇದೆ, ಜೊತೆಗೆ ಬಸ್ಸು ನೋಡಿದರೆ ಸಾಕು ವಾಂತಿ ಬರುತ್ತೆ. ನಮ್ಮ ಹತ್ತಿರ ಇದ್ದಿದ್ದು ಆಗಸ್ಟಿನ ಒಂದು ವಾರದ ರಜೆ. ನಾನು ಸಾಫ್ಟ್‌ವೇರ್ ಮನುಷ್ಯ ಏನು ಮಾಡಬೇಕೋ ಅದನ್ನೇ ಮಾಡಿದೆ. ಎಕ್ಸೆಲ್ ಶೀಟ್ ತೆಗೆದೆ.

ಮೊದಲ ಸಾಲು ರಿಸರ್ವೇಶನ್. 2021ರಿಂದ ಈ ಪಾರ್ಕಿಗೆ ಹೊರಗಿನವರು ಮುಂಗಡ ಕಾದಿರಿಸದೆ ಹೋಗುವ ಹಾಗಿಲ್ಲ. 30 ದಿನ ಮುಂಚೆ ಆನ್‌ಲೈನಿನಲ್ಲಿ ತೆರೆಯುತ್ತೆ, ತಡ ಅಂದರೆ ಹಿಂದಿನ ದಿನದೊಳಗೆ ಮಾಡಿಕೊಳ್ಳಬೇಕು. ದಿನವನ್ನ ನಾಲ್ಕು ಪಾಳಿ ಮಾಡಿದ್ದಾರೆ. ಬೆಳಗಿನದು 7ರಿಂದ 10, ಆಮೇಲೆ ಎರಡೂವರೆ ಗಂಟೆಯ ಎರಡು, ಕೊನೆಯದು ಸಂಜೆ 6ಕ್ಕೆ ಮುಗಿಯುತ್ತೆ. ತಲೆಗೆ 5 ಡಾಲರ್, ಕಾರಿಗೆ 10 ಡಾಲರ್. ಹವಾಯಿ ನಿವಾಸಿಗಳಿಗೆ ಪುಕ್ಕಟೆ. ನಾಲ್ಕು ಜನಕ್ಕೆ ಒಟ್ಟು 30 ಡಾಲರ್ ಅಂತ ಹೇಳಿದೆ. ಅಪ್ಪ ತಕ್ಷಣ ಗುಣಾಕಾರ ಮಾಡಿ "ಎರಡೂವರಿ ಸಾವಿರ? ಮಳಲ ನೋಡಾಕ?" ಅಂದರು. ವಿಮಾನದ ದರವನ್ನ ಅವತ್ತು ನಾನು ಬಾಯಿ ಬಿಡಲಿಲ್ಲ.

ಆದರೆ ಅವರನ್ನ ತಡೆದಿದ್ದು ದುಡ್ಡಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಊರವರಿಗೆ ರೊಕ್ಕ ಇಲ್ಲ, ಹೊರಗಿನವರಿಗಷ್ಟ ಐತಿ ಅಂದ್ಯಲ್ಲ, ಯಾಕ?"

ನಾನು ಓದಿದ್ದನ್ನ ಹೇಳಿದೆ. ಕಹುಲುಯಿಯಿಂದ ಹಾನಾಕ್ಕೆ ಹೋಗೋದು ಒಂದು ಕಿರಿದಾದ ರಸ್ತೆ. 52 ಮೈಲಿ, ಅಂದರೆ ಸುಮಾರು 84 ಕಿಲೋಮೀಟರ್. ಅಷ್ಟರಲ್ಲಿ 600ಕ್ಕೂ ಹೆಚ್ಚು ತಿರುವು, 50ಕ್ಕೂ ಹೆಚ್ಚು ಸೇತುವೆ. ಸೇತುವೆಗಳಲ್ಲಿ ಬಹುಪಾಲು ಒಂದೇ ಗಾಡಿ ದಾಟುವಂಥವು. ಅದು ನಮಗೆ ಪ್ರವಾಸದ ರಸ್ತೆ. ಅವರಿಗೆ ಆಸ್ಪತ್ರೆಗೆ, ಕೆಲಸಕ್ಕೆ, ಸಂತೆಗೆ ಹೋಗುವ ರಸ್ತೆ. ಪ್ರವಾಸಿಗಳು ಕಂಡಕಂಡಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯೋಕೆ ನಿಂತರೆ ಹಿಂದೆ ಊರಿನವರು ಸಾಲುಗಟ್ಟುತ್ತಾರೆ. ಪಾರ್ಕಿನಲ್ಲೂ ಅದೇ ಕಥೆ. ಮೀನು ಹಿಡಿಯೋಕೆ ಬಂದ ಊರಿನವನಿಗೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಅಲ್ಲಿ ಹವಾಯಿಯನ್ನರ ಹಳೇ ಗುಡಿಯ ಅವಶೇಷ ಇದೆ, ಸಮಾಧಿಗಳಿವೆ, ಕಡಲಂಚಿನಲ್ಲಿ ಅವರ ಅರಸರ ಕಾಲದ ಕಲ್ಲುಹಾಸಿನ ದಾರಿ ಇದೆ. ಜನ ಅದರ ಮೇಲೆಲ್ಲ ಹತ್ತಿ ಓಡಾಡುತ್ತಿದ್ದರು.

ಅಪ್ಪ ಕೇಳಿಸಿಕೊಂಡು ಇಷ್ಟೇ ಅಂದರು: "ಮತ್ತ ಆಕಿ ಸರಿಯಾಗೇ ಮಾಡ್ಯಾಳ. ಯಾರ ಹೊಲಕ್ಕ ಹೋದ್ರೂ ಬದುವಿನ ಮ್ಯಾಲ ನಿಂತು ಒಂದ ಕೂಗ ಹಾಕಬೇಕು. ಅವರು ಬಾ ಅಂದ ಮ್ಯಾಲ ಒಳಗ ಕಾಲ ಇಡಬೇಕು. ನೀ ಒಳಗ ಹೊಕ್ಕು, ಆಮ್ಯಾಲ ಹೊಲದವರನ್ನ ಬೈದಿ."

ಬಾಲ್ಯದಲ್ಲಿ ನಾನು ಅವರ ಹಿಂದೆ ಎಷ್ಟು ಸಲ ಬದುವಿನ ಮೇಲೆ ನಿಂತಿದ್ದೀನೋ ಲೆಕ್ಕ ಇಲ್ಲ. "ಏ ಕಾಕಾ, ಅದಿಯೇನು?" ಅಂತ ಅಪ್ಪ ಕೂಗೋರು. ಹಸಿ ಕಡ್ಲಿ ಗಿಡ ಕಿತ್ತುಕೊಳ್ಳೋಕೆ ನನ್ನ ಕೈ ತುರಿಸುತ್ತಿತ್ತು. ಆ ಕಡೆಯಿಂದ "ಬಾರೋ" ಅನ್ನುವ ತನಕ ಕಾಲು ಎತ್ತಲು ಬಿಡುತ್ತಿರಲಿಲ್ಲ. ಅಷ್ಟು ಕಲಿಸಿದ್ದನ್ನ ನಾನು ಯಾವ ಏರ್‌ಪೋರ್ಟಿನಲ್ಲಿ ಬಿಟ್ಟು ಬಂದೆ ಅಂತ ಅವತ್ತು ರಾತ್ರಿ ಯೋಚಿಸಿದೆ. ಶೀಟಿನ ಮೊದಲ ಸಾಲು ನನಗೆ ಬೇರೆ ಥರ ಕಾಣಿಸತೊಡಗಿತು. ಅದನ್ನ ಅಲ್ಲೀತನಕ ಅಡ್ಡಿ ಅಂದುಕೊಂಡಿದ್ದೆ. ಅದು ಬದು.

ಎರಡನೇ ಪ್ರಶ್ನೆ ಹೆಂಡತಿಯದು. "ಈ ಹೊತ್ತಲ್ಲಿ ಮೌಯಿಗೆ ಹೋಗೋದು ಸರಿಯಾ?" 2023ರ ಆಗಸ್ಟ್ 8ರಂದು ದ್ವೀಪದ ಪಶ್ಚಿಮ ದಂಡೆಯ ಲಹೈನಾ ಪಟ್ಟಣ ಕಾಡ್ಗಿಚ್ಚಿಗೆ ಸುಟ್ಟು ಹೋಯಿತು. ಒಂದು ಕಾಲಕ್ಕೆ ಹವಾಯಿ ರಾಜ್ಯದ ರಾಜಧಾನಿಯಾಗಿದ್ದ ಊರು. ನೂರರಷ್ಟು ಜನ ಸತ್ತರು, ಸಾವಿರಾರು ಜನ ಮನೆ ಕಳೆದುಕೊಂಡರು. ಹಾನಾ ದ್ವೀಪದ ಇನ್ನೊಂದು ಬದಿಯಲ್ಲಿದೆ, ಬೆಂಕಿ ಅಲ್ಲಿಗೆ ಮುಟ್ಟಿಲ್ಲ. ಆದರೂ ಅಷ್ಟು ಜನ ಮನೆ ಕಳೆದುಕೊಂಡಿರುವಾಗ ನಾವು ಚಡ್ಡಿ ಹಾಕಿಕೊಂಡು ಬೀಚಿಗೆ ಹೋಗೋದಾ? ಅಲ್ಲಿಯವರು ಬರೆದಿದ್ದನ್ನ ಓದಿದೆವು. ಬರಬೇಡಿ ಅನ್ನೋರೂ ಇದ್ದರು, ನೀವು ಬರದಿದ್ದರೆ ನಮ್ಮ ಕೆಲಸ ಹೋಗುತ್ತೆ ಅನ್ನೋರೂ ಇದ್ದರು. ಕೊನೆಗೆ ಹೋಗೋದು, ಆದರೆ ಸುಟ್ಟ ಊರನ್ನ ನೋಡೋಕೆ ಹೋಗಬಾರದು, ಹಾನಾದಲ್ಲೇ ಎರಡು ರಾತ್ರಿ ಉಳಿಯೋದು, ಹಣ್ಣು ಬ್ರೆಡ್ಡು ಎಲ್ಲ ದಾರಿ ಬದಿಯ ಊರಿನವರ ಅಂಗಡಿಯಲ್ಲೇ ಕೊಳ್ಳೋದು ಅಂತ ಆಯ್ತು. ಇದರಿಂದ ನಮ್ಮ ಮನಸ್ಸು ಪೂರ್ತಿ ಹಗುರಾಯ್ತು ಅಂತ ಹೇಳಲಾರೆ.

ಹಾನಾದಲ್ಲಿ ಉಳಿಯೋದರಿಂದ ಅವ್ವನ ಸಮಸ್ಯೆಯೂ ಅರ್ಧ ಬಗೆಹರಿಯಿತು. ಹೆಚ್ಚಿನವರು ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರುತ್ತಾರೆ. ಅಂದರೆ ಒಂದೇ ದಿನ ಸಾವಿರದ ಇನ್ನೂರು ತಿರುವು. ಚಾರ್ಮಾಡಿ ಘಾಟಿ ಹತ್ತಿ ಇಳಿಯೋದಕ್ಕೇ ಎರಡು ಅವೊಮಿನ್ ಗುಳಿಗೆ ನುಂಗುವ ಅವ್ವನಿಗೆ ಅದು ಆಗದ ಮಾತು. ಮೊದಲ ದಿನ ನಿಧಾನಕ್ಕೆ ಹೋಗಿ ಮಲಗೋದು, ಮರುದಿನ ಬೆಳಗಿನ 7ರ ಪಾಳಿಗೆ ಪಾರ್ಕಿಗೆ ಹೋಗೋದು. ಕಪ್ಪು ಮರಳು ಬಿಸಿಲು ಏರಿದರೆ ಬೇಗ ಕಾಯುತ್ತೆ, ಬರಿಗಾಲು ಇಡೋಕಾಗಲ್ಲ. ಬೆಳಗ್ಗೆಯೇ ಸರಿ. ಅವ್ವ ಈಗಾಗಲೇ ಮೂಸೋಕೆ ಅಂತ ಆರು ಲಿಂಬೆಹಣ್ಣು ಎತ್ತಿಟ್ಟಿದ್ದಳು. ಹವಾಯಿಗೆ ಹೋಗುವ ವಿಮಾನದಲ್ಲಿ ಹಣ್ಣು, ಗಿಡ, ಬೀಜ, ಮಣ್ಣು ಏನಿದ್ದರೂ ಫಾರ್ಮಿನಲ್ಲಿ ಬರೆದು ಕೊಡಬೇಕು ಅಂದೆ. "ಲಿಂಬಿಹಣ್ಣಿಗೂ ಅರ್ಜಿ ಹಾಕಬೇಕೇನು?" ಅಂತ ಆಶ್ಚರ್ಯಪಟ್ಟಳು. ಲಿಂಬೆಹಣ್ಣು ಅಲ್ಲೇ ಕೊಳ್ಳೋದು, ಇಲ್ಲಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅಷ್ಟೇ ಅಂತ ರಾಜಿ ಆಯ್ತು.

ಒಂದು ಭಾನುವಾರ ಊಟ ಆದಮೇಲೆ ಪಾರ್ಕಿನಲ್ಲಿ ಏನೇನಿದೆ ಅಂತ ಎಲ್ಲರಿಗೂ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಆಫೀಸಿನ ಡೆಮೋ ಥರ. ವೈಯಾನಪನಪ ಅಂದರೆ ಮಿನುಗುವ ನೀರು. ಅಲ್ಲಿ ಲಾವಾ ಸುರಂಗದ ಗುಹೆಗಳಲ್ಲಿ ತಿಳಿನೀರಿನ ಹೊಂಡ ಇದೆ. ಅದಕ್ಕೊಂದು ಕಥೆ. ಪೊಪೊಅಲಯಾ ಅನ್ನೋ ರಾಣಿ ಸಂಶಯದ ಗಂಡನಿಂದ ತಪ್ಪಿಸಿಕೊಂಡು ಬಂದು ಆ ಗುಹೆಯಲ್ಲಿ ಅಡಗಿದ್ದಳಂತೆ. ಜೊತೆಗಿದ್ದ ದಾಸಿ ಗರಿಯ ಚಾಮರ ಬೀಸುತ್ತಿದ್ದಳಂತೆ. ಅದರ ನೆರಳು ನೀರಲ್ಲಿ ಕಂಡು ಗಂಡ ಒಳಗೆ ನುಗ್ಗಿ ಇಬ್ಬರನ್ನೂ ಕೊಂದನಂತೆ. ಈಗಲೂ ವರ್ಷದ ಕೆಲವು ದಿನ ಆ ನೀರು ಕೆಂಪಾಗುತ್ತೆ. ಸಣ್ಣ ಕೆಂಪು ಸೀಗಡಿಗಳು ಗುಂಪುಗೂಡುವುದರಿಂದ ಹಾಗಾಗುತ್ತೆ ಅಂತ ನಾನು ವಿಜ್ಞಾನ ಸೇರಿಸಿದೆ.

ಅವ್ವ ಸೀಗಡಿ ಕಡೆ ಲಕ್ಷ್ಯ ಕೊಡಲಿಲ್ಲ. "ಅಲ್ಲೂ ಹಿಂಗ ಏನು?" ಅಂದಳು. ಆಮೇಲೆ ತಾಟು ಎತ್ತಿಕೊಂಡು ಒಳಗೆ ಹೋದಳು. ನಮ್ಮ ಊರ ಬಾವಿಯೊಂದರ ನೀರನ್ನ ಹೆಂಗಸರು ಯಾಕೆ ಸೇದಲ್ಲ ಅನ್ನೋದು ನನಗೂ ಗೊತ್ತು. ಸುಮ್ಮನಾದೆ.

ಅಪ್ಪನಿಗೆ ಬೇಕಿದ್ದಿದ್ದು ಮರಳು ಹೇಗೆ ಆಯಿತು ಅನ್ನೋದು. ಕಪ್ಪು ಮರಳು ಎರಡು ಥರ ಆಗುತ್ತೆ. ಕೆಂಡದಂಥ ಲಾವಾ ನೇರ ಸಮುದ್ರಕ್ಕೆ ಬಿದ್ದಾಗ ನೀರು ಒಮ್ಮೆಲೇ ಆವಿಯಾಗಿ, ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ ಸಿಡಿದು, ಲಾವಾ ಗಾಜಿನ ಚೂರಾಗಿ ಹರಡುತ್ತೆ. ಅಂಥ ದಡ ಕೆಲವೇ ದಿನದಲ್ಲಿ ಹುಟ್ಟಬಹುದು, ಹಾಗೇ ಹೋಗಲೂಬಹುದು. ಬಿಗ್ ಐಲ್ಯಾಂಡ್ ಅನ್ನುವ ಪಕ್ಕದ ದ್ವೀಪದಲ್ಲಿ ಕೈಮೂ ಅಂತ ಹೆಸರಾಂತ ಕಪ್ಪು ದಂಡೆ ಇತ್ತು. 1990ರಲ್ಲಿ ಕಿಲವೆಯಾ ಜ್ವಾಲಾಮುಖಿಯ ಲಾವಾ ಬಂದು ಅದನ್ನ ಪೂರ್ತಿ ಮುಚ್ಚಿಬಿಟ್ಟಿತು. ಇನ್ನೊಂದು ನಿಧಾನದ ದಾರಿ. ಹೆಪ್ಪುಗಟ್ಟಿದ ಲಾವಾ ಬಂಡೆಯನ್ನ ಅಲೆ ಬಡಿದು ಬಡಿದು, ಬೀಸೋ ಕಲ್ಲಿನ ಹಾಗೆ ಅರೆದು, ಗುಂಡುಕಲ್ಲು ಮಾಡಿ, ಆಮೇಲೆ ಮರಳು ಮಾಡುತ್ತೆ. ನಾವು ಹೋಗ್ತಿರೋ ದಂಡೆಯಲ್ಲಿ ನಡೆಯೋದು ಈ ಎರಡನೇ ಕೆಲಸ. ಅಲ್ಲಿಯ ಬಂಡೆ ಹಾಲೆಯಾಕಲಾ ಜ್ವಾಲಾಮುಖಿಯದು.

"ಆ ಕಲ್ಲಿಗೆ ಏನಂತಾರ?" ಅಂದರು ಅಪ್ಪ. "ಬಸಾಲ್ಟ್. ನಮ್ಮ ಕಡೆಯದೂ ಅದೇ ಕಲ್ಲು. ಗೋಳಗುಮ್ಮಟ ಕಟ್ಟಿರೋದು ಬಸಾಲ್ಟಿಂದಲೇ" ಅಂದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್ ಮೇಲೆ ಪದರು ಪದರಾಗಿ ಲಾವಾ ಹರಿಯಿತು. ಅದರ ದಕ್ಷಿಣದ ಅಂಚು ವಿಜಯಪುರದ ಕಡೆ ಬರುತ್ತೆ. ಆ ಕಲ್ಲು ಮಳೆ ಬಿಸಿಲಿಗೆ ಕೊಳೆತು ಮಣ್ಣಾಗಿದ್ದೇ ನಮ್ಮ ಎರೆ. ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು, ಮಳೆ ಬಿದ್ದರೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುವ ಮಣ್ಣು. ಅದರ ಮುಂದೆ ಹಾನಾದ ಲಾವಾ ಇನ್ನೂ ತೊಟ್ಟಿಲ ಕೂಸು.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಂದ್ರ ನಮ್ಮ ಹೊಲನೂ ಒಂದ ಕಾಲಕ್ಕ ಹಿಂಗ ಉರದೈತಿ?" ಅಂದರು. ಹೌದು ಅಂದೆ. "ಮತ್ತ ಜ್ವಾಳ ಬೆಳಿಯಾಕ ಇಷ್ಟ ವರ್ಷ ಹಿಡೀತು." ಆಮೇಲೆ ನಗುತ್ತ ಕೇಳಿದರು: "ಕಾರವಾರದಾಗೂ ಕರಿ ಮಳಲ ಐತಿ ಅಂತಾರ. ಅಲ್ಲೇ ಹೋಗಿದ್ರ ಬಸ್ ಚಾರ್ಜಿನ್ಯಾಗ ಮುಗೀತಿತ್ತಲ್ಲೋ?" ಮಾಜಾಳಿ ಹತ್ತಿರದ ತಿಳಮಾತಿ ದಂಡೆಯ ವಿಷಯ. ಎಳ್ಳು ಚೆಲ್ಲಿದ ಹಾಗೆ ಕಪ್ಪು ಮರಳು ಅಲ್ಲಿ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರವಾರಕ್ಕೆ ನಾನು ಅವರನ್ನ ಯಾವತ್ತೂ ಕರೆದುಕೊಂಡು ಹೋಗಿಲ್ಲ. ಬಿಇ ಮುಗಿಸಿ ಬೆಂಗಳೂರು, ಅಲ್ಲಿಂದ ಇಲ್ಲಿ. ಊರಿಗೆ ಹೋದಾಗಲೆಲ್ಲ ಹತ್ತು ದಿನ, ಅದರಲ್ಲಿ ನಾಲ್ಕು ಮದುವೆ.

ಜುಲೈನಲ್ಲಿ ಬುಕಿಂಗ್ ತೆರೆಯುವ ದಿನ ಎದ್ದು ಕೂತು ನಾಲ್ಕು ಟಿಕೆಟ್, ಒಂದು ಪಾರ್ಕಿಂಗ್ ತಗೊಂಡೆ. 7ರಿಂದ 10. ಶೀಟಿನಲ್ಲಿ ಆ ಮೂರು ಗಂಟೆಯನ್ನ ಹದಿನೈದು ಹದಿನೈದು ನಿಮಿಷದ ಚೌಕ ಮಾಡಿದ್ದೆ. ದಂಡೆಗೆ ಇಳಿಯೋದು, ಗುಹೆ, ಕಲ್ಲಿನ ಕಮಾನು, ಹಳೇ ದಾರಿಯಲ್ಲಿ ನಡಿಗೆ, ಫೋಟೋ. ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದೆ. ಅವ್ವನಿಗೆ ಓದಿ ಹೇಳಿದೆ. ಎಲ್ಲ ಕೇಳಿ, "ಕುಂದ್ರಾಕ ಯಾವಾಗ ಇಟ್ಟಿ?" ಅಂದಳು.

ಇಟ್ಟಿರಲಿಲ್ಲ.

ಕಳೆದ ವಾರ ಅಪ್ಪನ ಮೊಣಕಾಲು ಮತ್ತೆ ಬಾತಿದೆ. ಪಾರ್ಕಿಂಗ್ ಇರುವ ಎತ್ತರದಿಂದ ಮರಳಿಗೆ ಇಳಿಯೋಕೆ ಮೆಟ್ಟಿಲಿನ ದಾರಿ. ದೊಡ್ಡದೇನಲ್ಲ, ಆದರೆ ಅವರಿಗೆ ಮನೆಯ ಎರಡು ಮೆಟ್ಟಿಲೇ ಕಷ್ಟವಾಗ್ತಿದೆ. ಟಿಕೆಟ್ ಕ್ಯಾನ್ಸಲ್ ಮಾಡಲಾ ಅಂತ ಕೇಳಿದೆ. "ಬ್ಯಾಡ. ಇಳಿಯಾಕ ಆದ್ರ ಇಳಿತೀನಿ, ಆಗದಿದ್ರ ಮ್ಯಾಲಿಂದ ನೋಡ್ತೀನಿ. ಹೊಲಾನೂ ಈಗ ಬದುವಿನ ಮ್ಯಾಲ ಕುಂತ ನೋಡೂದು" ಅಂದರು. ಎರಡು ವರ್ಷದಿಂದ ಹೊಲವನ್ನ ಪಾಲಿಗೆ ಕೊಟ್ಟಿದ್ದಾರೆ ಅನ್ನೋದು ನನಗೆ ಗೊತ್ತಿತ್ತು. ಅವರು ಬದುವಿನ ಮೇಲೆ ಕೂರ್ತಾರೆ ಅನ್ನೋದನ್ನ ಅವತ್ತೇ ಕೇಳಿದ್ದು.

ಫ್ರಿಜ್ಜಿನ ಮೇಲಿನ ಹಾಳೆ ಕಿತ್ತು ಹಾಕಿದೆ. ಹೊಸದರಲ್ಲಿ ಬೆಳಗ್ಗೆ 7ರಿಂದ 10ರವರೆಗೆ ಒಂದೇ ಚೌಕ. ಜೊತೆಗೆ ಮಡಚುವ ಕುರ್ಚಿ ಎರಡು.

ನಿನ್ನೆ ರಾತ್ರಿ ಬ್ಯಾಗು ತುಂಬುವಾಗ ಅಪ್ಪನ ಕೈಯಲ್ಲಿ ಖಾಲಿ ಗುಳಿಗೆ ಡಬ್ಬಿ ಕಂಡೆ. ನೋಡಿದ ಕೂಡಲೇ ಅರ್ಥವಾಯಿತು. ಯಾವ ಊರಿಗೆ ಹೋದರೂ ಅಲ್ಲಿಯ ಮಣ್ಣು ಒಂದು ಹಿಡಿ ತಂದು ನಮ್ಮ ಹೊಲದ ಮೂಲೆಗೆ ಹಾಕೋದು ಅವರ ರೂಢಿ. ಶ್ರೀಶೈಲದ್ದು, ಪಂಢರಪುರದ್ದು ಎಲ್ಲ ಅಲ್ಲಿದೆ. ಹವಾಯಿಯಲ್ಲಿ ದಂಡೆಯ ಮರಳು ತೆಗೆದುಕೊಂಡು ಹೋಗೋದಕ್ಕೆ ಕಾನೂನೇ ಅಡ್ಡ ಇದೆ, ಅಲ್ಲಿಂದ ಹೊರಡುವಾಗ ಏರ್‌ಪೋರ್ಟಿನಲ್ಲೂ ಮಣ್ಣು ಬಿಡಲ್ಲ ಅಂತ ಹೇಳಿದೆ. ಲಾವಾ ಕಲ್ಲು ಒಯ್ದವರು ಎಷ್ಟೋ ಜನ ಆಮೇಲೆ ಕ್ಷಮಾಪಣೆ ಬರೆದು ಅಂಚೆಯಲ್ಲಿ ವಾಪಸ್ ಕಳಿಸ್ತಾರೆ ಅಂತಲೂ ಹೇಳಿದೆ. ಪೆಲೆ ಅನ್ನೋ ಜ್ವಾಲಾಮುಖಿಯ ದೇವಿ ಸಿಟ್ಟಾಗ್ತಾಳೆ ಅನ್ನೋ ಭಯ ಅವರಿಗೆ.

"ಅವರ ದೇವರು ಹೌದಲ್ಲ?" ಅಂದರು.

"ಹೌದು."

ಡಬ್ಬಿಯನ್ನ ಕಪಾಟಿನಲ್ಲಿ ವಾಪಸ್ ಇಟ್ಟರು. ಸ್ವಲ್ಪ ಹೊತ್ತು ಬಿಟ್ಟು, ಲೈಟ್ ಆರಿಸುವಾಗ ಕೇಳಿದರು.

"ಮುಟ್ಟಬಹುದಿಲ್ಲೋ?"

"ಮುಟ್ಟಬಹುದು ಅಪ್ಪಾ."

"ಅಷ್ಟ ಸಾಕು. ಮುಂಜಾನೆ ಲಗೂನ ಎಬ್ಬಸು."